ಪುಣೆಯ ಚಳಿಗೆ ಹೆದರುವ ಗಿಡಗಳ ಪರವಾಗಿ

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆಯೊಳಗೆ ಬೆಳೆಸುವ ಗಿಡಗಳ ಬಗ್ಗೆ ಒಂದು ಬರಹ ಬಂದಿತ್ತು. ಚಿತ್ರಗಳು ತುಂಬಾ ಚೆನ್ನಾಗಿದ್ದವು. ಆದರೆ ಕೊನೆಗೆ ಒಂದು ಮಾತಿತ್ತು. ನಮ್ಮ ಕಡೆ ಹಿಮ ಬೀಳುವುದಿಲ್ಲ, ಹಾಗಾಗಿ ಚಳಿಗಾಲದಲ್ಲಿ ಈ ಗಿಡಗಳಿಗೆ ಬೇರೆ ಆರೈಕೆ ಬೇಕಿಲ್ಲ, ದಿನಾ ಸ್ವಲ್ಪ ನೀರು ಹಾಕಿ ಬೆಳಗಿನ ಎಳೆಬಿಸಿಲಿಗೆ ಇಟ್ಟರೆ ಸಾಕು ಅಂತ. ಅದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಬರೆದವರು ಕರಾವಳಿಯವರೋ ಏನೋ, ಅಲ್ಲಿಗೆ ಆ ಮಾತು ಸರಿಯೇ. ಆದರೆ ನಿಮ್ಮ ಪತ್ರಿಕೆಯನ್ನು ಪುಣೆಯಲ್ಲಿ ಓದುತ್ತೇವೆ, ಬೆಳಗಾವಿ, ಬೀದರ್, ವಿಜಯಪುರದಲ್ಲೂ ಓದುತ್ತಾರೆ. ಈ ಊರುಗಳಲ್ಲಿ ಜನವರಿಯ ರಾತ್ರಿ ಹೇಗಿರುತ್ತದೆ ಅಂತ ಇಲ್ಲಿ ಮಲಗಿ ಎದ್ದವರಿಗೆ ಗೊತ್ತು.

ನಾನು ಹೊನ್ನಾವರ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು 24 ವರ್ಷ ಆಯಿತು, ಕೋಥ್ರೂಡಿನಲ್ಲಿ ಮೂರನೇ ಮಹಡಿಯ ಮನೆ. ಬರುವಾಗ ಅಮ್ಮ ತೋಟದ ವೀಳ್ಯದೆಲೆ ಬಳ್ಳಿಯ ಒಂದು ಮೊಳದ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ನಮ್ಮಲ್ಲಿ ಅದು ಅಡಿಕೆ ಮರಕ್ಕೆ ಹಬ್ಬಿ ತನ್ನಷ್ಟಕ್ಕೆ ಬೆಳೆಯುತ್ತದೆ, ಅದಕ್ಕೊಂದು ಆರೈಕೆ ಅಂತ ಯಾರೂ ಮಾಡಿದ್ದು ನಾನು ನೋಡಿಲ್ಲ. ಇಲ್ಲಿ ಬಾಲ್ಕನಿಯ ಕುಂಡದಲ್ಲಿ ನೆಟ್ಟೆ. ಮಳೆಗಾಲದಲ್ಲಿ ಗ್ರಿಲ್ಲಿನ ಅರ್ಧಕ್ಕೆ ಹತ್ತಿತು. ದೀಪಾವಳಿಗೆ ಅದೇ ಎಲೆಯಲ್ಲಿ ತಾಂಬೂಲ ಕೊಟ್ಟೆ. ಡಿಸೆಂಬರ್ ಕೊನೆಯಲ್ಲಿ ಎಲೆ ಬಾಡತೊಡಗಿತು. ಬಾಯಾರಿರಬೇಕು ಅಂದುಕೊಂಡು ನೀರು ಹಾಕಿದೆ. ಮತ್ತೂ ಬಾಡಿತು. ಮತ್ತೂ ಹಾಕಿದೆ. ಸಂಕ್ರಾಂತಿಯ ಹೊತ್ತಿಗೆ ಬುಡ ಮುಟ್ಟಿದರೆ ಬೆರಳಿಗೆ ಕೊಳೆತ ಬಾಳೆದಿಂಡಿನ ಹಾಗೆ ಬಂತು. ಅಮ್ಮನಿಗೆ ಫೋನಿನಲ್ಲಿ ಹೇಳಲು ಒಂದು ವಾರ ಬೇಕಾಯಿತು ನನಗೆ.

ಆ ಬಳ್ಳಿ ಚಳಿಯಿಂದ ಸತ್ತಿತು ಅಂತ ಬಹಳ ದಿನ ಅಂದುಕೊಂಡಿದ್ದೆ. ಈಗ ನನಗೆ ಗೊತ್ತಿದೆ, ಅದು ಸತ್ತದ್ದು ಚಳಿಯಲ್ಲಿ ನಾನು ಹಾಕಿದ ನೀರಿನಿಂದ. ಈ ಒಂದು ಮಾತು ಹೇಳಲಿಕ್ಕೇ ಇಷ್ಟು ದೊಡ್ಡ ಪತ್ರ ಬರೆಯುತ್ತಿದ್ದೇನೆ.

ಮೊದಲು ಚಳಿಯ ಲೆಕ್ಕ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಮಧ್ಯಾಹ್ನ 30 ಡಿಗ್ರಿ ಇರುತ್ತದೆ, ಫ್ಯಾನ್ ಹಾಕಬೇಕು ಅನಿಸುತ್ತದೆ. ಅದೇ ದಿನ ಬೆಳಗಿನ ಜಾವ 11 ಡಿಗ್ರಿ. ಕೆಲವು ರಾತ್ರಿ ಹತ್ತಕ್ಕಿಂತಲೂ ಕೆಳಗೆ ಇಳಿಯುತ್ತದೆ. ಒಂದೇ ದಿನದಲ್ಲಿ ಇಪ್ಪತ್ತು ಡಿಗ್ರಿ ಏರಿಳಿತ. ನಾವು ಹಗಲಿನ ಬಿಸಿಲು ನೋಡಿ ಚಳಿ ಏನೂ ಇಲ್ಲ ಅಂದುಕೊಳ್ಳುತ್ತೇವೆ. ಗಿಡ ಪೆಟ್ಟು ತಿನ್ನುವುದು ನಾವು ರಜಾಯಿ ಹೊದ್ದು ಮಲಗಿರುವಾಗ. ಈ ಊರಿನಲ್ಲಿ 1935ರ ಜನವರಿ 17ರಂದು 1.7 ಡಿಗ್ರಿ ದಾಖಲಾಗಿತ್ತು. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದಿತ್ತು, ಆ ಕಟ್ಟಡಕ್ಕೆ ಜನ ಇವತ್ತಿಗೂ ಶಿಮ್ಲಾ ಆಫೀಸ್ ಅಂತಲೇ ಹೇಳುತ್ತಾರೆ. ಬಸ್ಸಿನಲ್ಲಿ ಅದರ ಮುಂದೆ ಹಾದುಹೋಗುವಾಗೆಲ್ಲ ಆ 1.7 ನೆನಪಾಗುತ್ತದೆ. ಆ ರಾತ್ರಿ ಊರಿನ ಬಾಳೆ, ವೀಳ್ಯದೆಲೆಗಳ ಗತಿ ಏನಾಗಿತ್ತೋ!

ಒಂದೇ ಊರಿನೊಳಗೂ ಚಳಿ ಒಂದೇ ಸಮ ಇರುವುದಿಲ್ಲ. ಪಾಷಾಣ್, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಕಡೆ ಜಾಸ್ತಿ ಚಳಿ. ಮಗರಪಟ್ಟಾದಲ್ಲಿ ಕೆಲವು ದಿನ ಶಿವಾಜಿನಗರಕ್ಕಿಂತ ನಾಲ್ಕೈದು ಡಿಗ್ರಿ ಬೆಚ್ಚಗಿರುತ್ತದೆ. ಹಾಗಾಗಿ ಮಗರಪಟ್ಟಾದ ಗೆಳತಿ ನನ್ನ ಗಿಡ ಹೊರಗೇ ಇದೆ, ಏನೂ ಆಗಿಲ್ಲ ಅಂದರೆ ಪಾಷಾಣಿನವರು ಅದನ್ನು ನಂಬಿಕೊಂಡು ಕೂರಬಾರದು. ನೂರಿನ್ನೂರು ರೂಪಾಯಿಗೆ ಒಂದು ಸಾದಾ ಥರ್ಮಾಮೀಟರ್ ಸಿಗುತ್ತದೆ. ಅದನ್ನು ಗೋಡೆಗೆ ಹಾಕಬೇಡಿ, ಕುಂಡಗಳ ಮಧ್ಯೆ, ಎಲೆಗಳ ಎತ್ತರಕ್ಕೆ ಕಟ್ಟಿ ಬೆಳಗ್ಗೆ ಆರೂವರೆ ಏಳಕ್ಕೆ ನೋಡಿ. ದಿನದಲ್ಲಿ ಅತಿ ಹೆಚ್ಚು ಚಳಿ ಸೂರ್ಯ ಹುಟ್ಟುವ ಹೊತ್ತಿಗೇ ಇರುತ್ತದೆ, ನಡುರಾತ್ರಿಯಲ್ಲಿ ಅಲ್ಲ.

ಈಗ ಗಿಡಗಳ ವಿಷಯ. ನಾವು ಮನೆಯೊಳಗೆ ಇಟ್ಟುಕೊಳ್ಳುವ ಹೆಚ್ಚಿನ ಗಿಡಗಳು ದಟ್ಟ ಮಳೆಕಾಡಿನ ನೆರಳಲ್ಲಿ ಹುಟ್ಟಿದವು. ಮನಿ ಪ್ಲಾಂಟ್ ಮೂಲದಲ್ಲಿ ಪೆಸಿಫಿಕ್ ಸಾಗರದ ಮೊರೆಯಾ ಅನ್ನುವ ಪುಟ್ಟ ದ್ವೀಪದ್ದು. ಮಾನ್ಸ್ಟೆರಾ ದಕ್ಷಿಣ ಮೆಕ್ಸಿಕೊದಿಂದ ಪನಾಮಾವರೆಗಿನ ಕಾಡಿನದು. ಆಂಥೂರಿಯಂ ಕೊಲಂಬಿಯಾ, ಈಕ್ವೆಡಾರ್ ಕಡೆಯದು. ಅಗ್ಲೋನಿಮಾ ಆಗ್ನೇಯ ಏಷ್ಯಾದ್ದು. ಅಲ್ಲಿ ವರ್ಷವಿಡೀ ಹಗಲೂ ರಾತ್ರಿಯೂ ಹೆಚ್ಚುಕಮ್ಮಿ ಒಂದೇ ಹವೆ. ನಮ್ಮ ಸೇವಂತಿಗೆ, ಗುಲಾಬಿಗೆ ಚಳಿ ಅಂದರೆ ಹಬ್ಬ. ಈ ಕಾಡಿನ ಮಕ್ಕಳಿಗೆ ಚಳಿ ಅಂದರೇನು ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಅವು ತಯಾರಿಯನ್ನೂ ಮಾಡಿಕೊಂಡಿಲ್ಲ.

ಇವು ಸಾಯಲು ಹಿಮ ಬೇಕಾಗಿಲ್ಲ, ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಬೇಕಾಗಿಲ್ಲ. ಒಂದು ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿ ಇಟ್ಟು ನೋಡಿ, ಎರಡು ದಿನಕ್ಕೆ ಸಿಪ್ಪೆ ಕಪ್ಪಾಗುತ್ತದೆ. ಅಲ್ಲೇನು ಮಂಜುಗಡ್ಡೆ ಕಟ್ಟಿರುತ್ತದಾ? ಇಲ್ಲ. ಬರೀ ಚಳಿ. ಬಿಸಿನಾಡಿನ ಗಿಡಗಳಿಗೆ ಹತ್ತು ಹನ್ನೆರಡು ಡಿಗ್ರಿಗೇ ಇಂಥ ಗಾಯ ಆಗುತ್ತದೆ. ಯಾಕೆ ಅಂತ ನನಗೆ ಅರ್ಥವಾದದ್ದು ಕೊಬ್ಬರಿ ಎಣ್ಣೆಯ ಬಾಟಲಿ ನೋಡಿ. 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿಯಾಗುತ್ತದೆ, ಬೆರಳು ಹಾಕಿ ಕೆದಕಬೇಕಾಗುತ್ತದೆ ಅಲ್ವಾ? ಗಿಡದ ಒಂದೊಂದು ಜೀವಕೋಶಕ್ಕೂ ಸುತ್ತ ಒಂದು ತೆಳುವಾದ ಪೊರೆ ಇರುತ್ತದೆ. ಆ ಪೊರೆಯಲ್ಲೂ ಜಿಡ್ಡಿನ ಅಂಶ ಇದೆ. ಚಳಿಯಾದಾಗ ಅದೂ ಹೀಗೆ ಬಿಗಿಯುತ್ತದೆ. ಬಿಗಿದ ಪೊರೆ ಸೋರುತ್ತದೆ, ಒಳಗಿನ ನೀರು, ಲವಣ ಹೊರಗೆ ಬರುತ್ತದೆ. ಚಳಿನಾಡಿನ ಗಿಡಗಳ ಪೊರೆ ಆ ಚಳಿಯಲ್ಲೂ ಮೆತ್ತಗೇ ಉಳಿಯುತ್ತದೆ. ನಮ್ಮ ಅಗ್ಲೋನಿಮಾದ್ದು ಹಾಗಲ್ಲ.

ಆ ಸೋರುವಿಕೆಯನ್ನು ಕಣ್ಣಾರೆ ನೋಡಬಹುದು. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ರಸ್ತೆ ಬದಿಯ ಒಂದು ನರ್ಸರಿಯಲ್ಲಿ ಕೆಂಪು ಅಂಚಿನ ಅಗ್ಲೋನಿಮಾ ಕೊಂಡೆ, 650 ರೂಪಾಯಿ ಕೊಟ್ಟು. ದಿನಾ ನೀರು ಹಾಕಿ ತಾಯಿ ಅಂದ ಮಾರುವವನು. ತಂದ ದಿನ ರಾತ್ರಿ ಊಟದ ಮನೆಯ ಕಿಟಕಿಯ ಕಟ್ಟೆ ಮೇಲೆ ಇಟ್ಟಿದ್ದೆ, ಒಂದು ಎಲೆ ಗಾಜಿಗೆ ತಾಗಿಕೊಂಡಿತ್ತು. ಬೆಳಗ್ಗೆ ನೋಡಿದಾಗ ಏನೂ ಇರಲಿಲ್ಲ. ಮಾರನೆಯ ದಿನ ಆ ಎಲೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಜಾಗ ಕಪ್ಪು ಹಸಿರಾಗಿ ಮಿನುಗುತ್ತಿತ್ತು, ಒಗ್ಗರಣೆಯ ಎಣ್ಣೆ ಸಿಡಿದ ಹಾಗೆ. ಒರೆಸಿದೆ, ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಆ ಜಾಗ ಪಾರದರ್ಶಕವಾಗಿ ಕಾಣುತ್ತಿತ್ತು, ನೀರಲ್ಲಿ ನೆನೆದ ಕಾಗದದ ಹಾಗೆ. ನಾಲ್ಕು ದಿನಕ್ಕೆ ಅದು ಕಂದಾಗಿ ಒಣಗಿ ತೂತಾಯಿತು. ಗಾಜಿಗೆ ತಾಗದ ಎಲೆಗಳಿಗೆ ಏನೂ ಆಗಿರಲಿಲ್ಲ. ಗೋಡೆಗಿಂತ ಗಾಜು ಎಷ್ಟು ಬೇಗ ತಣ್ಣಗಾಗುತ್ತದೆ ಅಂತ ಅವತ್ತು ಗೊತ್ತಾಯಿತು. ಕಿಟಕಿಯಿಂದ ಒಂದು ಗೇಣು ದೂರ ಇಟ್ಟಿದ್ದರೆ ಆ ಎಲೆ ಉಳಿಯುತ್ತಿತ್ತು.

ಇನ್ನೊಂದು ವಿಷಯ ಗಮನಿಸಿ. ಗಾಯ ಅದೇ ರಾತ್ರಿ ಕಾಣುವುದಿಲ್ಲ, ಒಂದೆರಡು ದಿನ ತಡವಾಗಿ ಕಾಣುತ್ತದೆ. ಸ್ನೇಕ್ ಪ್ಲಾಂಟಿನಲ್ಲಂತೂ ಎರಡು ಮೂರು ವಾರ ಕಳೆದ ಮೇಲೂ ಕಾಣಬಹುದು. ಹಾಗಾಗಿ ಜನ ನಿನ್ನೆ ಮೊನ್ನೆ ಏನು ಮಾಡಿದೆವು ಅಂತ ಯೋಚಿಸಿ ಗೊಬ್ಬರವನ್ನೋ ಬಿಸಿಲನ್ನೋ ಬೈಯುತ್ತಾರೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಪುಣೆಯ ಮನೆಗಳಲ್ಲಿ ಚಳಿಗಾಲದಲ್ಲಿ ಸಾಯುವ ಗಿಡಗಳಲ್ಲಿ ಹೆಚ್ಚಿನವು ನೀರಿನಿಂದಲೇ ಸಾಯುತ್ತವೆ. ಮಣ್ಣು ತಣ್ಣಗಾದರೆ ಬೇರು ಕೆಲಸ ನಿಧಾನ ಮಾಡುತ್ತದೆ. ಕುಂಡದಲ್ಲಿ ನೀರು ತುಂಬಿದ್ದರೂ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಮಧ್ಯಾಹ್ನದ 30 ಡಿಗ್ರಿ ಬಿಸಿಲಲ್ಲಿ ಎಲೆ ನೀರು ಕೇಳುತ್ತದೆ, ಬೇರು ಕೊಡುವುದಿಲ್ಲ. ಎಲೆ ಜೋಲುತ್ತದೆ. ನೋಡಿದವರಿಗೆ ಅದು ಬಾಯಾರಿಕೆಯ ಹಾಗೇ ಕಾಣುತ್ತದೆ, ನನಗೂ ಹಾಗೇ ಕಂಡಿತ್ತು. ಮತ್ತೆ ನೀರು ಸುರಿದರೆ ಮಣ್ಣಿನ ಸಂದುಗಳಲ್ಲಿ ಇದ್ದ ಗಾಳಿಯೂ ಹೋಗುತ್ತದೆ. ಉಸಿರುಗಟ್ಟಿದ ಬೇರಿಗೆ ಕೊಳೆ ಹತ್ತುತ್ತದೆ. ಪಿಥಿಯಂ ಅನ್ನುವ ಒಂದು ಜೀವಿ ಈ ಕೊಳೆ ತರುತ್ತದೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರದ ಹತ್ತಿರದ ನೆಂಟ ಅದು. ಅಡಿಕೆ ತೋಟ ಇದ್ದವರಿಗೆ ಇನ್ನು ಜಾಸ್ತಿ ವಿವರಿಸುವ ಅಗತ್ಯ ಇಲ್ಲ. ಕೊಳೆಯಲ್ಲಿ ನೀರಿನ ಪಾತ್ರ ಎಷ್ಟು ಅಂತ ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ.

ನಾಸಿಕದ ಕಡೆ, ನಿಫಾಡದಲ್ಲಿ, ಚಳಿ ತೀರಾ ಜಾಸ್ತಿಯಾದಾಗ ದ್ರಾಕ್ಷಿ ಬೆಳೆಯುವವರು ಬೆಳಗಿನ ಜಾವ ತೋಟದಲ್ಲಿ ಬೆಂಕಿ ಹಾಕುತ್ತಾರೆ, ಬಳ್ಳಿಗಳಿಗೆ ನೀರು ಬಿಡುತ್ತಾರೆ. ಅದನ್ನು ಟಿವಿಯಲ್ಲಿ ನೋಡಿದ ನಮ್ಮ ಪಕ್ಕದ ಮನೆಯವರು, ರೈತರೇ ಚಳಿಯಲ್ಲಿ ನೀರು ಕೊಡುತ್ತಾರಲ್ಲ, ನೀವ್ಯಾಕೆ ಬೇಡ ಅನ್ನುತ್ತೀರಿ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಬಾವಿಯ ನೀರು ಆ ಹೊತ್ತಿನ ಗಾಳಿಗಿಂತ ಬೆಚ್ಚಗಿರುತ್ತದೆ, ಅದಕ್ಕೇ ಅದು ತೋಟವನ್ನು ಕಾಯುತ್ತದೆ. ತೋಟದ ನೆಲ ದೊಡ್ಡದು, ನೀರು ಕೆಳಗೆ ಇಳಿದುಹೋಗುತ್ತದೆ. ನಮ್ಮ ಕುಂಡ ಎಂಟು ಇಂಚಿನದು, ನೀರು ರಾತ್ರಿಯಿಡೀ ಚಾವಣಿ ಮೇಲೆ ತಣ್ಣಗಾದ ಟ್ಯಾಂಕಿನದು. ಬೆಳಗ್ಗೆ ಆರಕ್ಕೆ ಆ ನೀರಿಗೆ ಕೈ ಒಡ್ಡಿದರೆ ನಮ್ಮ ಬೆರಳೇ ಮರಗಟ್ಟುತ್ತದೆ. ಆಫ್ರಿಕನ್ ವಯೊಲೆಟ್ ಬೆಳೆಸುವವರಿಗೆ ಇದು ಚೆನ್ನಾಗಿ ಗೊತ್ತು, ತಣ್ಣೀರು ಬಿದ್ದ ಕಡೆ ಅದರ ಎಲೆಯಲ್ಲಿ ಬಿಳಿಚಿಕೊಂಡ ಕಲೆ ಏಳುತ್ತದೆ.

ನಾನು ಈಗ ಮಾಡುವುದು ಇಷ್ಟು. ಹಿಂದಿನ ಸಂಜೆ ಒಂದು ಬಕೆಟ್ ನೀರು ತುಂಬಿ ಅಡಿಗೆಮನೆಯಲ್ಲಿ ಇಡುತ್ತೇನೆ. ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ, ಬಿಸಿಲು ಬಂದ ಮೇಲೆ, ಬೇಕಾದ ಕುಂಡಕ್ಕೆ ಮಾತ್ರ ಹಾಕುತ್ತೇನೆ. ಬೇಕೋ ಬೇಡವೋ ಅಂತ ತಿಳಿಯಲು ಕುಂಡವನ್ನು ಎತ್ತಿ ನೋಡುತ್ತೇನೆ. ಚೆನ್ನಾಗಿ ನೀರು ಕುಡಿದ ಕುಂಡ ಕೈಗೆ ಎಳೆಯುತ್ತದೆ, ಒಣಗಿದ್ದು ಖಾಲಿ ಡಬ್ಬಿಯ ಹಾಗೆ ಸಟ್ಟನೆ ಮೇಲೆ ಬರುತ್ತದೆ. ಎರಡು ವಾರ ಮಾಡಿದರೆ ಕೈಗೆ ಲೆಕ್ಕ ಸಿಕ್ಕಿಬಿಡುತ್ತದೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕಿದ ಕುಂಡದಲ್ಲಿ ಮಾತ್ರ ಮೋಸ ಹೋಗಬೇಡಿ. ಮೇಲೆ ಹುರಿದ ಕಾಫಿಪುಡಿಯ ಹಾಗೆ ಒಣಗಿರುತ್ತದೆ, ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿದರೆ ಒಳಗೆ ಒದ್ದೆ, ತಣ್ಣಗೆ, ಹಿಂಡಿದರೆ ನೀರು ಬರುವಷ್ಟು. ಮೇ ತಿಂಗಳಲ್ಲಿ ಎರಡು ದಿನಕ್ಕೆ ಒಣಗುವ ನನ್ನ ಮಾನ್ಸ್ಟೆರಾ ಕುಂಡಕ್ಕೆ ಈಗ ಹತ್ತು ಹನ್ನೆರಡು ದಿನ ಬೇಕು. ದಿನಾ ಸ್ವಲ್ಪ ಸ್ವಲ್ಪ ಅನ್ನುವುದೇ ತಪ್ಪು. ಹಾಕುವಾಗ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಆಮೇಲೆ ಒಣಗುವವರೆಗೆ ಆ ಕಡೆ ಹೋಗಬೇಡಿ. ಡಿಸೆಂಬರಿನಿಂದ ಫೆಬ್ರವರಿ ಅರ್ಧದವರೆಗೆ ಗೊಬ್ಬರವೂ ಬೇಡ, ಕುಂಡ ಬದಲಿಸುವುದೂ ಬೇಡ. ಬೆಳೆಯದೆ ನಿಂತ ಗಿಡಕ್ಕೆ ಉಣಿಸಿದರೆ ಲವಣ ಮಣ್ಣಿನಲ್ಲೇ ಉಳಿದು ಬೇರನ್ನು ಸುಡುತ್ತದೆ.

ಜಾಗದ ವಿಷಯದಲ್ಲಿ ಒಂದು ಗುಟ್ಟಿದೆ. ಮೋಡ ಇಲ್ಲದ ರಾತ್ರಿ ತೆರೆದ ಆಕಾಶದ ಕೆಳಗೆ ಇರುವ ಎಲ್ಲವೂ ತಮ್ಮ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತವೆ. ಹೊರಗೆ ನಿಲ್ಲಿಸಿದ ಕಾರಿನ ಮೇಲೆ ಇಬ್ಬನಿ ಕೂರುತ್ತದೆ, ಶೆಡ್ಡಿನೊಳಗಿನ ಕಾರಿನ ಮೇಲೆ ಕೂರುವುದಿಲ್ಲ, ನೋಡಿರುತ್ತೀರಿ. ಎಲೆಯೂ ಹಾಗೇ, ಸುತ್ತಲಿನ ಗಾಳಿಗಿಂತ ಇನ್ನೂ ತಣ್ಣಗಾಗುತ್ತದೆ. ಹಾಗಾಗಿ ಬಾಲ್ಕನಿಯ ಗ್ರಿಲ್ಲಿನಿಂದ ಹೊರಚಾಚಿದ ಕುಂಡಗಳಿಗೆ ಪೆಟ್ಟು ಜಾಸ್ತಿ. ಅದೇ ಕುಂಡವನ್ನು ಎರಡು ಅಡಿ ಹಿಂದೆ, ಮೇಲಿನ ಮನೆಯ ಸ್ಲ್ಯಾಬಿನ ಕೆಳಗೆ, ಗೋಡೆಗೆ ಒತ್ತಿ ಇಟ್ಟರೆ ಬಹಳ ವ್ಯತ್ಯಾಸ ಆಗುತ್ತದೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ರಾತ್ರಿ ನಿಧಾನಕ್ಕೆ ಬಿಸಿ ಬಿಡುತ್ತಿರುತ್ತದೆ. ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಇಡಿ. ತಣ್ಣನೆಯ ಟೈಲ್ಸ್ ಮೇಲೆ ನೇರವಾಗಿ ಇಡದೆ ಕೆಳಗೆ ಹಳೆಯ ಪತ್ರಿಕೆಯ ನಾಲ್ಕೈದು ಮಡಿಕೆ ಹಾಕಿ. ನಾನು ಊರಿನಿಂದ ಬರುವಾಗ ಹಪ್ಪಳದ ಡಬ್ಬಿ, ಉಪ್ಪಿನಕಾಯಿ ಜಾಡಿಗೆ ಸುತ್ತಿ ತಂದ ನಿಮ್ಮ ಪತ್ರಿಕೆಗಳೇ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಬರುತ್ತವೆ. ಕುಂಡದ ಸುತ್ತಲೂ ಒಂದು ಸುತ್ತು ಕಟ್ಟಿದರೆ ಬೇರಿಗೂ ಬೆಚ್ಚಗೆ.

ಒಳಗೆ ತರಲು ಜಾಗ ಇಲ್ಲದ ದೊಡ್ಡ ಗಿಡಕ್ಕೆ ಹಳೆಯ ಹತ್ತಿ ಸೀರೆ ಅಥವಾ ಪಂಚೆ ಹೊದಿಸಬಹುದು. ನಾಲ್ಕು ಕೋಲು ನೆಟ್ಟು ಅದರ ಮೇಲೆ ಹಾಕಿ, ಎಲೆಗೆ ತಾಗಬಾರದು, ಬೆಳಗ್ಗೆ ಎಂಟಕ್ಕೆ ತೆಗೆಯಬೇಕು. ಪ್ಲಾಸ್ಟಿಕ್ ಹಾಳೆ ಬೇಡ. ಒಳಗೆ ಬೆವರಿ ಹನಿ ಕಟ್ಟುತ್ತದೆ, ತಾಗಿದ ಕಡೆ ಎಲೆಗೆ ಅದೇ ಗಾಜಿನ ಗಾಯ. ಮುಚ್ಚಿದ ಬಾಲ್ಕನಿಯಲ್ಲಿ ಗಿಡಗಳಿಗೆ ಅಂತ ಕೆಂಡದ ಶೆಗಡಿ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳದೇ ಹೋಗಬಹುದು. ಗಿಡ ಹೋದರೆ ಇನ್ನೊಂದು ತರಬಹುದು.

ಎಲ್ಲ ಗಿಡಕ್ಕೂ ಒಂದೇ ಲೆಕ್ಕ ಅಲ್ಲ. ಒಳಗೆ ನಾಲ್ಕೇ ಕುಂಡಕ್ಕೆ ಜಾಗ ಇದ್ದರೆ ನಾನು ಮೊದಲು ಅಗ್ಲೋನಿಮಾ, ಕಲೇಥಿಯಾ ತರುತ್ತೇನೆ. 15ಕ್ಕಿಂತ ಇಳಿಯಿತು ಅಂದರೆ ಇವೆರಡೂ ಮುದುಡತೊಡಗುತ್ತವೆ. ಆಮೇಲೆ ಪೀಸ್ ಲಿಲಿ, ಡಿಫೆನ್‌ಬೇಕಿಯಾ, ಆಂಥೂರಿಯಂ. ಮನಿ ಪ್ಲಾಂಟ್, ಮಾನ್ಸ್ಟೆರಾ 12ರವರೆಗೆ ಹೇಗೋ ತಡೆಯುತ್ತವೆ, ಹತ್ತಕ್ಕೆ ಇಳಿದರೆ ಅವಕ್ಕೂ ಕಷ್ಟ. ಸ್ನೇಕ್ ಪ್ಲಾಂಟ್, ಜೀಜೀ ಗಿಡಗಳಿಗೆ ಮಣ್ಣು ಒಣಗಿದ್ದರೆ ಅರ್ಧ ಧೈರ್ಯ ಬಂದ ಹಾಗೆ, ಒದ್ದೆ ಇದ್ದರೆ ಗಡ್ಡೆಯೇ ಕೊಳೆಯುತ್ತದೆ. ರಬ್ಬರ್ ಗಿಡ ನಮ್ಮ ಅಸ್ಸಾಮಿನ ಕಡೆಯದೇ, ಅದು ಗಟ್ಟಿಗ. ಫಲೆನಾಪ್ಸಿಸ್ ಆರ್ಕಿಡ್ ಮಾತ್ರ ಬೇರೆ ಥರ. 16-18 ಡಿಗ್ರಿಯ ರಾತ್ರಿಗಳು ಅದಕ್ಕೆ ಇಷ್ಟ, ಆಗಲೇ ಹೂವಿನ ಕಡ್ಡಿ ಹೊರಡುತ್ತದೆ, ಅದಕ್ಕಿಂತ ಜಾಸ್ತಿ ಚಳಿ ಬೇಡ. ಇನ್ನು ನಮ್ಮ ಕರಿಬೇವು. ಜನವರಿಯಲ್ಲಿ ಎಲೆ ಹಳದಿಯಾಗಿ ಉದುರಿ ಬರೀ ಕಡ್ಡಿ ನಿಂತರೆ ಗಾಬರಿಯಾಗಬೇಡಿ, ಅದು ನಿದ್ದೆ ಮಾಡುತ್ತಿದೆ. ಫೆಬ್ರವರಿ ಕೊನೆಗೆ ಚಿಗುರುತ್ತದೆ. ಸತ್ತಿತು ಅಂತ ಕಿತ್ತು ಹಾಕಿದವರು ನಮ್ಮ ಕಟ್ಟಡದಲ್ಲೇ ಇಬ್ಬರಿದ್ದಾರೆ.

ಬಿಸಿಲಿನ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ, ನಡುಮಧ್ಯಾಹ್ನವೂ ಅರ್ಧ ಆಕಾಶದಷ್ಟೇ ಏರುತ್ತಾನೆ. ದಕ್ಷಿಣದ ಕಿಟಕಿಯಿಂದ ಬಿಸಿಲು ಸೋಫಾದವರೆಗೂ ಒಳಗೆ ಬರುತ್ತದೆ, ಉತ್ತರದ ಬಾಲ್ಕನಿಗೆ ಒಂದು ಚೂರೂ ಇಲ್ಲ. ಆರು ತಿಂಗಳು ನೆರಳಲ್ಲಿದ್ದ ಗಿಡವನ್ನು ಚಳಿ ಅಂತ ತಟ್ಟನೆ ಆ ಬಿಸಿಲಿಗೆ ತಂದರೆ ಎಲೆ ಸುಡುತ್ತದೆ. ತೆಳು ಪರದೆಯ ಹಿಂದೆ ಇಡಿ. ಗಾಳಿ ಒಣಗಿರುವುದರಿಂದ ಎಲೆಯ ಅಡಿಯಲ್ಲಿ ಜೇಡನುಸಿಯೂ ಬರುತ್ತದೆ, ಬೂದಿ ಉದುರಿಸಿದ ಹಾಗೆ ಚುಕ್ಕೆ, ಅದರ ಮೇಲೆ ಸಣ್ಣ ಬಲೆ. ಮಧ್ಯಾಹ್ನ ಬೆಚ್ಚಗಿರುವಾಗ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿದರೆ ಸಾಕಾಗುತ್ತದೆ.

ಮುಂಬೈಯವರಿಗೆ ಈ ರಗಳೆ ಕಡಿಮೆ. ಸಾಂತಾಕ್ರೂಜಿನಲ್ಲಿ 1962ರ ಜನವರಿಯಲ್ಲಿ 7.4 ಡಿಗ್ರಿಗೆ ಇಳಿದದ್ದು ಬಿಟ್ಟರೆ ಅಷ್ಟು ಚಳಿ ಅಲ್ಲಿ ಕೇಳಿದ್ದೇ ಇಲ್ಲ. ಗೋರೆಗಾಂವಿನ ನನ್ನ ತಂಗಿಯ ಮನೆಯಲ್ಲಿ ಗಿಡಗಳನ್ನು ಕಾಡುವುದು ಏಸಿ. 18ಕ್ಕೆ ಇಟ್ಟ ಏಸಿಯ ಗಾಳಿ ನೇರವಾಗಿ ಬೀಳುವ ಮೂಲೆಯಲ್ಲಿ ಕಲೇಥಿಯಾ ಇಟ್ಟು, ಅಂಚು ಯಾಕೆ ಸುಡುತ್ತದೆ ಅಂತ ಕೇಳುತ್ತಿದ್ದಳು. ಮೂಲೆ ಬದಲಿಸಿದಳು, ಸರಿಹೋಯಿತು. ಗೋವಾದವರು ಪುಣ್ಯವಂತರು. ಮಡಗಾಂವಿನ ಗೆಳತಿಯ ಮನೆಯಲ್ಲಿ ಎಲ್ಲವೂ ವರ್ಷವಿಡೀ ಅಂಗಳದಲ್ಲೇ ಇರುತ್ತದೆ.

ಈ ಪತ್ರ ಈಗಲೇ ಬರೆಯಲು ಇನ್ನೊಂದು ಕಾರಣ ಇದೆ. ಜನವರಿ ಕೊನೆಯಲ್ಲಿ ಇಲ್ಲಿ ಎಂಪ್ರೆಸ್ ಗಾರ್ಡನ್ನಿನಲ್ಲಿ ಪುಷ್ಪ ಪ್ರದರ್ಶನ ನಡೆಯುತ್ತದೆ. ನಾವು ಗೆಳತಿಯರು ತಪ್ಪದೆ ಹೋಗುತ್ತೇವೆ, ಬರುವಾಗ ಕೈ ತುಂಬಾ ಗಿಡ. ಮಾರಾಟಕ್ಕೆ ಬರುವ ಗಿಡಗಳಲ್ಲಿ ಎಷ್ಟೋ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನ ಬೆಚ್ಚನೆಯಲ್ಲಿ ಬೆಳೆದವು, ಕೆಲವು ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂ ನರ್ಸರಿಗಳಿಂದ ಬಂದವು. ಅವನ್ನು ಸಂಜೆ ಏಳಕ್ಕೆ ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ತಂದರೆ ದಾರಿಯ ಅರ್ಧ ಗಂಟೆಯ ಚಳಿಗಾಳಿಯೇ ಸಾಕು. ಪತ್ರಿಕೆಯಲ್ಲಿ ಪೂರ್ತಿ ಸುತ್ತಿಸಿಕೊಳ್ಳಿ, ಸಾಧ್ಯವಾದರೆ ಮಧ್ಯಾಹ್ನವೇ ತನ್ನಿ. ಆನ್‌ಲೈನಿನಲ್ಲಿ ತರಿಸುವವರು ಮಾರ್ಚ್‌ವರೆಗೆ ತಾಳಿ. ಹೋದ ಜನವರಿಯಲ್ಲಿ ನನಗೆ ಬಂದ ಪೆಟ್ಟಿಗೆ ಲಾರಿಯಲ್ಲಿ ಐದು ರಾತ್ರಿ ಕಳೆದಿತ್ತು. ತೆರೆದಾಗ ಫಿಟ್ಟೋನಿಯಾ ಬೇಯಿಸಿದ ಹರಿವೆ ಸೊಪ್ಪಿನ ಹಾಗೆ ಕುಂಡಕ್ಕೆ ಅಂಟಿಕೊಂಡಿತ್ತು. ಹಣ ವಾಪಸ್ ಕೇಳಿದರೆ, ಗಿಡ ಜೀವಂತ ವಸ್ತು, ಜವಾಬ್ದಾರಿ ನಮ್ಮದಲ್ಲ ಅಂದರು. ಜೀವಂತ ವಸ್ತು ಅಂತ ಗೊತ್ತಿದ್ದ ಮೇಲೆ ಚಳಿಯಲ್ಲಿ ಕಳಿಸುವುದು ಯಾಕೆ? ನನಗೆ ಇವತ್ತಿಗೂ ಬೇಸರ ಇದೆ.

ಪೆಟ್ಟು ತಿಂದ ಗಿಡವನ್ನು ಅವಸರದಲ್ಲಿ ಕತ್ತರಿಸಬೇಡಿ. ಕಪ್ಪಾದ ಎಲೆ ಇದ್ದರೆ ಇರಲಿ, ಅದರಲ್ಲಿ ಉಳಿದ ಹಸಿರು ಇನ್ನೂ ಗಿಡಕ್ಕೆ ಅನ್ನ ಕೊಡುತ್ತಿರುತ್ತದೆ. ಕಾಂಡ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ, ಬೆಚ್ಚಗಿನ ಮಬ್ಬು ಬೆಳಕಿನಲ್ಲಿ ಇಟ್ಟು ಕಾಯಿರಿ. ಬುಡ ಮೆತ್ತಗಾಗಿದ್ದರೆ ಮಾತ್ರ ಮೇಲಿನ ಚೆನ್ನಾಗಿರುವ ಭಾಗ ಕತ್ತರಿಸಿ, ಬಾಟಲಿ ನೀರಿನಲ್ಲಿ ನಿಲ್ಲಿಸಿ, ಫ್ರಿಜ್ಜಿನ ಮೇಲೋ ಅಡಿಗೆಮನೆಯ ಕಪಾಟಿನ ಮೇಲೋ ಇಡಿ. ಮೊದಲ ಬಳ್ಳಿಯ ಹೊತ್ತಿಗೆ ಇದು ಗೊತ್ತಿದ್ದರೆ ಅದನ್ನು ಉಳಿಸಿಕೊಳ್ಳುತ್ತಿದ್ದೆ. ಅದರ ತುದಿ ಕೊನೆಯವರೆಗೂ ಹಸಿರಾಗಿತ್ತು.

ಸಂಪಾದಕರಲ್ಲಿ ಎರಡು ಕೋರಿಕೆ. ನಿಮ್ಮ ಹವಾಮಾನದ ಚೌಕದಲ್ಲಿ ಕರ್ನಾಟಕದ ಊರುಗಳ ಜೊತೆ ಪುಣೆ, ಮುಂಬೈ, ಪಣಜಿಯ ಕನಿಷ್ಠ ತಾಪಮಾನವನ್ನೂ ಚಳಿಗಾಲದ ಮೂರು ತಿಂಗಳು ಹಾಕಿ. ಗರಿಷ್ಠ ಬೇಡ, ಕನಿಷ್ಠ ಸಾಕು. ಈ ಊರುಗಳಲ್ಲಿ ಕನ್ನಡ ಓದುವ ಮನೆಗಳು ಬಹಳ ಇವೆ, ಬಹುಪಾಲು ಮನೆಗಳಲ್ಲಿ ಒಂದಾದರೂ ಕುಂಡ ಇರುತ್ತದೆ. ಎರಡನೆಯದು ನರ್ಸರಿಯವರಿಗೆ ನಿಮ್ಮ ಮೂಲಕ ಹೇಳಬೇಕಾದ ಮಾತು. ಬೆಲೆಯ ಚೀಟಿ ಅಂಟಿಸುತ್ತೀರಲ್ಲ, ಅದರ ಹಿಂದೆ ಒಂದೇ ಒಂದು ಸಂಖ್ಯೆ ಬರೆಯಿರಿ, ಈ ಗಿಡ ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಅಂತ. ಅಗ್ಲೋನಿಮಾಕ್ಕೆ 15, ಮನಿ ಪ್ಲಾಂಟಿಗೆ 12. ಭಾಷೆಯೂ ಬೇಕಾಗಿಲ್ಲ, ಕನ್ನಡದವರಿಗೂ ಮರಾಠಿಯವರಿಗೂ ಅರ್ಥವಾಗುತ್ತದೆ. ಮಾರುವವರಿಗೆ ಅದು ಗೊತ್ತೇ ಇರುತ್ತದೆ, ತಮ್ಮ ಗಿಡಗಳನ್ನು ರಾತ್ರಿ ಒಳಗೆ ಎತ್ತಿಡುವುದನ್ನು ನಾನು ನೋಡಿದ್ದೇನೆ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅಂತಾರೆ. ಅಲ್ಲಿಯವರೆಗೆ ನಮ್ಮ ಊಟದ ಮನೆಯಲ್ಲಿ ಕುಂಡಗಳ ಸಾಲು ಹೀಗೇ ಇರುತ್ತದೆ, ಊಟಕ್ಕೆ ಕೂತವರ ತಟ್ಟೆಗೆ ಮಾನ್ಸ್ಟೆರಾ ಎಲೆ ತಾಗುತ್ತಿರುತ್ತದೆ, ಮನೆಯಲ್ಲಿ ಯಾರೂ ಬೇಡ ಅಂದಿಲ್ಲ. ಅಮ್ಮ ಎರಡನೇ ಸಲ ಕೊಟ್ಟ ಬಳ್ಳಿಗೆ ಈಗ 22 ವರ್ಷ. ಅಮ್ಮ ಈಗ ಇಲ್ಲ. ಇವತ್ತು ಬೆಳಗ್ಗೆ ಥರ್ಮಾಮೀಟರ್ 9 ತೋರಿಸುತ್ತಿತ್ತು. ಬಳ್ಳಿ ಒಳಗೆ ಅಡಿಗೆಮನೆಯ ಬಾಗಿಲ ಪಕ್ಕ ಇತ್ತು, ಒಂದು ಎಲೆಯೂ ಬಾಡಿರಲಿಲ್ಲ. ಮಾರ್ಚ್ ಬಂದ ಮೇಲೆ ತುದಿ ಕತ್ತರಿಸುತ್ತೇನೆ, ಪುಣೆಯಲ್ಲಿ ಯಾರಿಗಾದರೂ ತುಂಡು ಬೇಕಿದ್ದರೆ ಪತ್ರಿಕೆಯ ಮೂಲಕ ತಿಳಿಸಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಕೋಥ್ರೂಡ್, ಪುಣೆ